ವಿಯೆನ್ನಾದ ಪಿಯಾನೊದಲ್ಲಿ ತುರ್ಕಿಯ ನಗಾರಿ



ಮಕ್ಕಳ ಆಟಕ್ಕೆಂದು ತಂದ ಸಣ್ಣ ಎಲೆಕ್ಟ್ರಾನಿಕ್ ಕೀಬೋರ್ಡಿನಲ್ಲಿ 'ಡೆಮೊ' ಎಂಬ ಗುಂಡಿಯೊಂದು ಇರುವುದನ್ನು ನೀವು ನೋಡಿರಬಹುದು. ಅದನ್ನು ಒತ್ತಿದರೆ ಒಂದರ ಹಿಂದೊಂದು ಟ್ಯೂನ್‌ಗಳು ತಾವಾಗಿಯೇ ನುಡಿಯುತ್ತವೆ. ಅವುಗಳಲ್ಲಿ ಚುರುಕಾಗಿ ಸುತ್ತಿ ಸುತ್ತಿ ಮೇಲೇರುವ, ಕೇಳುತ್ತಿದ್ದಂತೆ ಕಾಲು ತಾಳ ಹಾಕುವ ಒಂದು ಟ್ಯೂನ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮೊಬೈಲ್ ಫೋನಿನ ರಿಂಗ್‌ಟೋನ್ ಆಗಿಯೂ, ಮನೆಯ ಕರೆಗಂಟೆಯಾಗಿಯೂ ಅದು ನಮ್ಮ ಕಿವಿಗೆ ಬಿದ್ದಿದೆ. ಹೆಸರು ಗೊತ್ತಿಲ್ಲದವರೂ "ಓ, ಇದಾ!" ಎನ್ನುವಷ್ಟು ಪರಿಚಿತ. ಅದರ ಹೆಸರು 'ಆಲ್ಲಾ ತುರ್ಕಾ'. ಇದು ಇಟಾಲಿಯನ್ ಮಾತು. 'ತುರ್ಕರ ಶೈಲಿಯಲ್ಲಿ' ಎಂದು ಅರ್ಥ. ರಚಿಸಿದವನು ಆಸ್ಟ್ರಿಯಾದ ವೋಲ್ಫ್‌ಗಾಂಗ್ ಅಮಾಡೆಯಸ್ ಮೊಜಾರ್ಟ್.

ಮೊಜಾರ್ಟ್ ತನ್ನ ಜೀವಮಾನದಲ್ಲಿ ಒಮ್ಮೆಯೂ ತುರ್ಕಿಗೆ ಹೋದವನಲ್ಲ. ಅವನು ಪೂರ್ವದ ಕಡೆಗೆ ಅಂದಿನ ಪ್ರೆಸ್‌ಬರ್ಗ್ ಅಂದರೆ ಇಂದಿನ ಬ್ರಾಟಿಸ್ಲಾವಾದವರೆಗೆ ಹೋಗಿದ್ದುಂಟು. ಅದೂ 1762ರಲ್ಲಿ, ಆರು ವರ್ಷದ ಹುಡುಗನಾಗಿದ್ದಾಗ. ಹಾಗಿರುವಾಗ ಅವನ ಬೆರಳುಗಳಿಗೆ ತುರ್ಕರ ಶೈಲಿ ಬಂದದ್ದು ಎಲ್ಲಿಂದ? ಆ ಟ್ಯೂನಿನಲ್ಲಿ ನಿಜಕ್ಕೂ ತುರ್ಕರದ್ದೆನ್ನುವುದು ಎಷ್ಟಿದೆ? ಹೆಸರನ್ನು ನೋಡಿ ಇದು ತುರ್ಕರಿಗೆ ಸಲ್ಲಿಸಿದ ಗೌರವವೆಂದು ಸಂತೋಷಪಡುವವರಿದ್ದಾರೆ, ಇದು ಅವರ ಅಪಹಾಸ್ಯವೆಂದು ಸಿಟ್ಟಾಗುವವರೂ ಇದ್ದಾರೆ. ಎರಡೂ ಅವಸರದ ಮಾತುಗಳೇ. ವಿಷಯ ಅದಕ್ಕಿಂತ ಹೆಚ್ಚು ಸ್ವಾರಸ್ಯಕರವಾಗಿದೆ.

ಮೊದಲು ಸೊನಾಟ ಎಂದರೇನು ಎಂಬುದನ್ನು ನೋಡೋಣ. ಇಟಾಲಿಯನ್ ಭಾಷೆಯಲ್ಲಿ ಹಾಡುವಂಥದ್ದು 'ಕಾಂಟಾಟ', ವಾದ್ಯದಲ್ಲಿ ನುಡಿಸುವಂಥದ್ದು 'ಸೊನಾಟ'. 18ನೇ ಶತಮಾನದ ಉತ್ತರಾರ್ಧದಲ್ಲಿ ಪಿಯಾನೊ ಸೊನಾಟವೆಂದರೆ ಒಬ್ಬರೇ ಕುಳಿತು ನುಡಿಸುವ, ಬಹುಮಟ್ಟಿಗೆ ಮೂರು ಭಾಗಗಳ ಒಂದು ಕೃತಿ. 1756ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಹುಟ್ಟಿ 1791ರಲ್ಲಿ ವಿಯೆನ್ನಾದಲ್ಲಿ ತೀರಿಕೊಂಡ ಮೊಜಾರ್ಟ್ ಈ ಬಗೆಯ 18 ಸೊನಾಟಗಳನ್ನು ಬರೆದಿದ್ದಾನೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಅವನ ಕೃತಿಗಳನ್ನು ಗುರುತಿಸುವುದು ಲುಡ್ವಿಗ್ ಫಾನ್ ಕ್ಯೋಶೆಲ್ ಎಂಬ ವಿದ್ವಾಂಸ 1862ರಲ್ಲಿ ಪ್ರಕಟಿಸಿದ ಪಟ್ಟಿಯ ಸಂಖ್ಯೆಗಳಿಂದ. ನಮ್ಮ ಸೊನಾಟದ ಸಂಖ್ಯೆ 331. ಇದರ ಮೊದಲ ಭಾಗ ತೊಟ್ಟಿಲು ತೂಗಿದಂತಹ ಒಂದು ಮೃದುವಾದ ಧಾಟಿ, ಅದರ ಬೆನ್ನಿಗೆ ಅದೇ ಧಾಟಿಯ ಆರು ಬಗೆಯ ವಿಸ್ತಾರಗಳು. ಎರಡನೆಯದು 'ಮಿನ್ಯುಯೆಟ್' ಎಂಬ ಆಸ್ಥಾನ ನೃತ್ಯದ ಲಯ. ಮೂರನೆಯದೇ ಆಲ್ಲಾ ತುರ್ಕಾ. ಜನ ಈ ಮೂರನೆಯ ಭಾಗವನ್ನು ಎಷ್ಟು ಮೆಚ್ಚಿಕೊಂಡರೆಂದರೆ, ಅದಕ್ಕೆ ಮುಂದೆ ಎರಡು ಭಾಗಗಳಿವೆ ಎಂಬುದೇ ಹಲವರಿಗೆ ಮರೆತುಹೋಗಿದೆ.

ಇದು ಯಾವಾಗ ರಚನೆಯಾಯಿತು ಎಂಬ ಬಗ್ಗೆ ಬಹುಕಾಲ ಒಂದು ತಪ್ಪು ತಿಳಿವಳಿಕೆಯಿತ್ತು. 1778ರಲ್ಲಿ ಮೊಜಾರ್ಟ್ ಪ್ಯಾರಿಸ್‌ನಲ್ಲಿದ್ದಾಗ ಬರೆದದ್ದೆಂದು ಹಳೆಯ ಪುಸ್ತಕಗಳಲ್ಲಿ ಕಾಣುತ್ತದೆ. 20ನೇ ಶತಮಾನದಲ್ಲಿ ವೋಲ್ಫ್‌ಗಾಂಗ್ ಪ್ಲಾತ್ ಎಂಬ ವಿದ್ವಾಂಸರು ಮೊಜಾರ್ಟನ ಕೈಬರಹ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಯಿತೆಂದು ಪರಿಶೀಲಿಸಿದರು. ಆಲನ್ ಟೈಸನ್ ಎಂಬವರು ಅವನು ಬಳಸಿದ ಕಾಗದಗಳ ನೀರುಗುರುತುಗಳನ್ನು ಬೆಳಕಿಗೆ ಹಿಡಿದು ನೋಡಿದರು. ಕೈಬರಹವೂ ಕಾಗದವೂ ಸೇರಿ ಹೇಳಿದ ಸಾಕ್ಷ್ಯವೆಂದರೆ, ಇದು ಪ್ಯಾರಿಸ್ಸಿನ ಕೃತಿಯಲ್ಲ, 1783ರ ಸುಮಾರಿನದು. 1784ರಲ್ಲಿ ವಿಯೆನ್ನಾದ ಆರ್ಟಾರಿಯಾ ಎಂಬ ಪ್ರಕಾಶಕರು ಇದನ್ನು ಇನ್ನೆರಡು ಸೊನಾಟಗಳ ಜೊತೆ ಮುದ್ರಿಸಿ ಮಾರಾಟಕ್ಕಿಟ್ಟರು. ಐದು ವರ್ಷಗಳ ವ್ಯತ್ಯಾಸ ಯಾವ ಮಹಾ ಸಂಗತಿ ಎಂದು ನಿಮಗೆ ಅನ್ನಿಸಬಹುದು. ಆದರೆ ವಿಯೆನ್ನಾದವರಿಗೆ 1783 ಸುಮ್ಮನೆ ಬಂದು ಹೋಗುವ ವರ್ಷವಾಗಿರಲಿಲ್ಲ. ಅದು ಒಂದು ಮುತ್ತಿಗೆಯ ನೂರನೆಯ ವರ್ಷವಾಗಿತ್ತು.

1683ರ ಜುಲೈ 14ರಂದು ಉಸ್ಮಾನಿಯಾ ಸಾಮ್ರಾಜ್ಯದ ಪ್ರಧಾನ ವಜೀರ ಕಾರಾ ಮುಸ್ತಫಾ ಪಾಷಾ ವಿಯೆನ್ನಾ ನಗರಕ್ಕೆ ಮುತ್ತಿಗೆ ಹಾಕಿದನು. 1529ರಲ್ಲಿ ಸುಲ್ತಾನ್ ಸುಲೈಮಾನನ ಸೇನೆಯೂ ಇದೇ ಗೋಡೆಗಳವರೆಗೆ ಬಂದು ಮರಳಿತ್ತು. ಈ ಸಲ ಎರಡು ತಿಂಗಳ ಕಾಲ ನಗರದೊಳಗಿನ ಜನ ಹಸಿವು, ರೋಗ ಮತ್ತು ಫಿರಂಗಿಗಳ ನಡುವೆ ದಿನ ದೂಡಿದರು. ಸೆಪ್ಟೆಂಬರ್ 12ರಂದು ಪೋಲೆಂಡಿನ ದೊರೆ ಯಾನ್ ಸೊಬಿಯೆಸ್ಕಿಯ ನೇತೃತ್ವದ ನೆರವಿನ ಸೇನೆ ಬೆಟ್ಟದಿಂದಿಳಿದು ಮುತ್ತಿಗೆಯನ್ನು ಮುರಿಯಿತು. ಯುದ್ಧದ ವಿವರಗಳು ನಮಗಿಲ್ಲಿ ಬೇಡ. ನಮಗೆ ಬೇಕಾದದ್ದು ಆ ಎರಡು ತಿಂಗಳು ಗೋಡೆಯಾಚೆಯಿಂದ ಕೇಳಿಬಂದ ಸದ್ದು.

ಉಸ್ಮಾನಿಯಾ ಸೇನೆಯ ಜೊತೆ 'ಮೆಹ್ತರ್' ಎಂಬ ವಾದ್ಯಮೇಳ ಸಾಗುತ್ತಿತ್ತು. ಅದು ಮೆರವಣಿಗೆಯ ಅಲಂಕಾರಕ್ಕಷ್ಟೇ ಇದ್ದದ್ದಲ್ಲ, ಯುದ್ಧದ ನಡುವೆಯೂ ಬಾರಿಸುತ್ತಿತ್ತು. ಮೇಳದ ಸದ್ದು ಕೇಳುತ್ತಿದೆಯೆಂದರೆ ತಮ್ಮವರು ಇನ್ನೂ ನಿಂತಿದ್ದಾರೆ ಎಂದು ಸೈನಿಕರಿಗೆ ಧೈರ್ಯ, ಎದುರಾಳಿಗೆ ನಡುಕ. ಆ ಸೇನೆಯ ಮುಖ್ಯ ಕಾಲಾಳು ದಳದ ಹೆಸರು 'ಯೆನಿಚೆರಿ', ಅಂದರೆ ಹೊಸ ಸೈನಿಕರು. ಯುರೋಪಿನವರ ಬಾಯಲ್ಲಿ ಅದು 'ಜಾನಿಸರಿ' ಆಯಿತು. ಮೇಳವನ್ನೂ ಅವರು ಜಾನಿಸರಿ ಸಂಗೀತವೆಂದೇ ಕರೆದರು.

ಈ ಮೇಳದ ವಾದ್ಯಗಳ ಹೆಸರು ಕೇಳಿದರೆ ನಮ್ಮೂರಿನವರಿಗೆ ಅಪರಿಚಿತವೆನಿಸದು. ಜೋಡಿಯಾಗಿ ಬಾರಿಸುವ ಸಣ್ಣ ಭೇರಿಗಳಿಗೆ ಅವರು 'ನಕ್ಕಾರೆ' ಎನ್ನುತ್ತಾರೆ. ಅರಬಿ ಭಾಷೆಯ 'ನಕ್ಕಾರಾ' ಎಂಬ ಅದೇ ಪದ ಪೂರ್ವಕ್ಕೆ ಪಯಣಿಸಿ ಕನ್ನಡದ 'ನಗಾರಿ' ಆಗಿದೆ. ಪಶ್ಚಿಮಕ್ಕೆ ಹೋದದ್ದು ಹಳೆಯ ಇಂಗ್ಲಿಷಿನಲ್ಲಿ 'ನೇಕರ್ಸ್' ಆಯಿತು. ಇನ್ನು 'ಜುರ್ನಾ' ಎಂಬ ಊದುವ ವಾದ್ಯ ನಮ್ಮ ಶಹನಾಯಿಯ, ಉತ್ತರ ಕರ್ನಾಟಕದ ಸನಾದಿಯ ನೆಂಟ. ಬಯಲಿನಲ್ಲಿ ಮೈಲಿ ದೂರ ಕೇಳುವಂತೆ ಮಾಡಿದ ಒರಟು ನೆಂಟ. (1977ರ 'ಸನಾದಿ ಅಪ್ಪಣ್ಣ' ಚಿತ್ರದಲ್ಲಿ ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿ ಕೇಳಿದವರು ಈ ಕುಟುಂಬದ ಸೌಮ್ಯ ದನಿಯನ್ನು ಬಲ್ಲರು.) 'ದಾವುಲ್' ಎಂಬುದು ಹೆಗಲಿಗೆ ನೇತುಹಾಕುವ ದೊಡ್ಡ ಡೋಲು. ಅದನ್ನು ಒಂದು ಕೈಯಲ್ಲಿ ದಪ್ಪ ಕೋಲಿನಿಂದಲೂ ಇನ್ನೊಂದು ಕೈಯಲ್ಲಿ ತೆಳ್ಳಗಿನ ಕಡ್ಡಿಯಿಂದಲೂ ಬಾರಿಸುತ್ತಾರೆ. ದಪ್ಪ ಕೋಲಿನದು 'ಧುಂ', ಕಡ್ಡಿಯದು 'ಟಕ್'. ಈ ಎರಡು ಸದ್ದುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ. ಇವುಗಳ ಜೊತೆ ಕಹಳೆಗಳು, ಗೆಜ್ಜೆ ಕಟ್ಟಿದ ದಂಡಗಳು, 'ಜಿಲ್' ಎಂಬ ಲೋಹದ ದೊಡ್ಡ ತಾಳಗಳು. ಇಸ್ತಾಂಬುಲ್‌ನಲ್ಲಿ ಇಂತಹ ತಾಳಗಳನ್ನು ಮಾಡುತ್ತಿದ್ದ ಅವೆಡಿಸ್ ಎಂಬ ಅರ್ಮೇನಿಯನ್ ಕುಶಲಕರ್ಮಿಯ ವಂಶಕ್ಕೆ 'ಜಿಲ್ಜಿಯನ್', ಅಂದರೆ ತಾಳ ಮಾಡುವವನ ಮಕ್ಕಳು, ಎಂಬ ಹೆಸರು ನಿಂತಿತು. 1623ರಲ್ಲಿ ಆರಂಭವಾಯಿತೆನ್ನುವ ಆ ಕಸುಬು ಇಂದು ಅಮೆರಿಕದಲ್ಲಿದೆ. ಆರ್ಕೆಸ್ಟ್ರಾದವರ ಡ್ರಮ್ ಸೆಟ್ಟಿನ ತಾಳದ ಮೇಲೆ ಆ ಹೆಸರು ಅಚ್ಚಾಗಿರುವುದನ್ನು ನೀವು ಕಾಣಬಹುದು.

ಸೋಲು ಗೆಲುವುಗಳ ಲೆಕ್ಕ 1699ರ ಕಾರ್ಲೊವಿಟ್ಸ್ ಒಪ್ಪಂದದೊಂದಿಗೆ ಒಂದು ಹಂತಕ್ಕೆ ಮುಗಿಯಿತು. ಆ ಬಳಿಕ ತುರ್ಕರು ವಿಯೆನ್ನಾದ ಗೋಡೆಗೆ ಬರುವ ಭಯ ಕ್ರಮೇಣ ಕರಗಿತು. ಭಯ ಕರಗಿದ ಜಾಗದಲ್ಲಿ ಕುತೂಹಲ ಹುಟ್ಟಿತು. ಕುತೂಹಲ ಬೇಗನೇ ಫ್ಯಾಷನ್ ಆಯಿತು. ಶ್ರೀಮಂತರು ತುರ್ಕಿ ಉಡುಪು ತೊಟ್ಟು ಚಿತ್ರ ಬರೆಸಿಕೊಂಡರು. ಕಾಫಿ ಕುಡಿಯುವುದು ಅಭ್ಯಾಸವಾಯಿತು. (ತುರ್ಕರು ಬಿಟ್ಟುಹೋದ ಮೂಟೆಗಳಿಂದ ಒಬ್ಬ ಗೂಢಚಾರ ವಿಯೆನ್ನಾದ ಮೊದಲ ಕಾಫಿ ಅಂಗಡಿ ತೆರೆದನೆಂಬುದು ಬರಿಯ ಕಟ್ಟುಕತೆ. ದಾಖಲೆಯಲ್ಲಿರುವುದು 1685ರಲ್ಲಿ ಪರವಾನಗಿ ಪಡೆದ ಅರ್ಮೇನಿಯನ್ ವ್ಯಾಪಾರಿ ಯೊಹಾನೆಸ್ ದಿಯೊದಾತೊನ ಹೆಸರು.) ಯುರೋಪಿನ ದೊರೆಗಳು ತಮ್ಮ ಸೇನೆಗಳಿಗೂ ದೊಡ್ಡ ಡೋಲು, ತಾಳಗಳನ್ನು ತರಿಸಿ ಜಾನಿಸರಿ ಮಾದರಿಯ ಮೇಳಗಳನ್ನು ಕಟ್ಟಿಕೊಂಡರು. ಇಂದು ಜಗತ್ತಿನ ಯಾವುದೇ ಮಿಲಿಟರಿ ಬ್ಯಾಂಡಿನ ಮುಂದೆ ಧುಂ ಧುಂ ಎನ್ನುತ್ತಾ ಸಾಗುವ ದೊಡ್ಡ ಡ್ರಮ್ಮಿನ ಹಿಂದೆ ಈ ಇತಿಹಾಸವಿದೆ.

ಮೊಜಾರ್ಟ್ ವಿಯೆನ್ನಾಕ್ಕೆ ಬಂದು ನೆಲೆಸಿದ್ದು 1781ರಲ್ಲಿ. ಬಂದ ಕೆಲವೇ ತಿಂಗಳಲ್ಲಿ ಅವನಿಗೆ ಸಿಕ್ಕಿದ ದೊಡ್ಡ ಕೆಲಸ 'ಅಂತಃಪುರದಿಂದ ಅಪಹರಣ' ಎಂಬ ಅರ್ಥದ ಹೆಸರಿನ ಸಂಗೀತ ನಾಟಕ. ಅದರ ಮೊದಲ ಪ್ರದರ್ಶನ 1782ರ ಜುಲೈ 16ರಂದು ನಡೆಯಿತು. ಕತೆ ನಡೆಯುವುದು ಸಲೀಮ್ ಪಾಷಾನ ಅರಮನೆಯಲ್ಲಿ. ಅಲ್ಲಿ ಸೆರೆಯಾಗಿರುವ ಪ್ರೇಯಸಿಯನ್ನು ಬಿಡಿಸಿಕೊಳ್ಳಲು ಸ್ಪೇನಿನ ಯುವಕನೊಬ್ಬ ಬರುತ್ತಾನೆ. ಅರಮನೆಯ ಕಾವಲುಗಾರ ಉಸ್ಮಿನ್ ಸಿಡುಕ, ಸದಾ ತಲೆ ತೆಗೆಯುವ ಮಾತಾಡುವವನು. 1781ರ ಸೆಪ್ಟೆಂಬರ್‌ನಲ್ಲಿ ತಂದೆಗೆ ಬರೆದ ಪತ್ರವೊಂದರಲ್ಲಿ ಮೊಜಾರ್ಟ್ ಈ ಉಸ್ಮಿನ್‌ನ ಸಿಟ್ಟಿನ ಹಾಡಿಗೆ ತುರ್ಕಿ ಸಂಗೀತವನ್ನು ಸೇರಿಸಿದ್ದರಿಂದ ಆ ಸಿಟ್ಟು ನಗೆಯುಕ್ಕಿಸುವಂತಾಗಿದೆ ಎಂದು ಹೇಳಿಕೊಂಡಿದ್ದಾನೆ. ಅಂದರೆ ಡೋಲು ತಾಳಗಳು ಅವನಿಗೆ ನಗಿಸುವ ಸಾಮಗ್ರಿಯೂ ಆಗಿದ್ದವು. ಇದನ್ನು ಮರೆಮಾಚಬೇಕಿಲ್ಲ.

ಆದರೆ ಅದೇ ನಾಟಕದ ಕೊನೆಯನ್ನು ನೋಡಿ. ಓಡಿಹೋಗಲೆತ್ನಿಸಿದ ಪ್ರೇಮಿಗಳು ಸಿಕ್ಕಿಬೀಳುತ್ತಾರೆ. ಆ ಯುವಕನ ತಂದೆಯೇ ಹಿಂದೆ ತನ್ನನ್ನು ತಾಯ್ನಾಡಿನಿಂದ ಓಡಿಸಿದ ಕಡುವೈರಿ ಎಂದು ಸಲೀಮ್ ಪಾಷಾನಿಗೆ ತಿಳಿಯುತ್ತದೆ. ಸೇಡು ತೀರಿಸಿಕೊಳ್ಳುವ ಎಲ್ಲ ಅವಕಾಶವಿದ್ದರೂ ಅವನು ಅವರೆಲ್ಲರನ್ನೂ ಬಿಟ್ಟುಬಿಡುತ್ತಾನೆ. ನಾಟಕದಲ್ಲಿ ಎಲ್ಲರಿಗಿಂತ ದೊಡ್ಡ ಮನಸ್ಸು ಅವನದೇ. ಆದರೆ ಇಲ್ಲೂ ಒಂದು ಸೂಕ್ಷ್ಮವಿದೆ: ಪಾಷಾ ಹುಟ್ಟಿನಿಂದ ತುರ್ಕನಲ್ಲ, ಧರ್ಮ ಬದಲಿಸಿ ಅಲ್ಲಿ ನೆಲೆಸಿದವನು ಎಂದು ನಾಟಕದಲ್ಲೇ ಒಂದು ಮಾತು ಬರುತ್ತದೆ. ಅವನಿಗೆ ಒಂದೂ ಹಾಡಿಲ್ಲ, ಬರಿಯ ಮಾತು. ಇಷ್ಟೂ ಸಂಗತಿಗಳನ್ನು ಒಟ್ಟಿಗಿಟ್ಟು ನೋಡದೆ ಮೊಜಾರ್ಟನನ್ನು ಹೊಗಳುವುದೂ ತೆಗಳುವುದೂ ಸುಲಭ.

ಈ ನಾಟಕ ಜನಪ್ರಿಯವಾಗಿದ್ದ ದಿನಗಳಲ್ಲೇ, ಮುತ್ತಿಗೆಯ ಶತಮಾನದ ನೆನಪು ಹಸಿಯಾಗಿರುವಾಗಲೇ, ನಮ್ಮ ಸೊನಾಟ ಬಂತು. ಒಂದು ಇಡೀ ಮೇಳದ ಸದ್ದನ್ನು ಹತ್ತು ಬೆರಳುಗಳಿಗೆ ಇಳಿಸುವುದು ಹೇಗೆ? ಮೊಜಾರ್ಟ್ ಕೆಲಸವನ್ನು ಎರಡು ಕೈಗಳಿಗೆ ಹಂಚಿದ. ಆರಂಭದಲ್ಲಿ ಬಲಗೈ ಸುರುಳಿ ಸುರುಳಿಯಾದ ಸಣ್ಣ ಸ್ವರಗುಚ್ಛಗಳನ್ನು ನುಡಿಸುತ್ತದೆ. ಎಡಗೈ ಒಂದು ಸ್ವರ ಒತ್ತಿ, ಮೇಲಿನ ಸ್ವರಗಳನ್ನು ಮತ್ತೆ ಮತ್ತೆ ತಟ್ಟುತ್ತದೆ: ಒಂದು 'ಧುಂ', ಬೆನ್ನಿಗೆ 'ಟಕ್ ಟಕ್ ಟಕ್'. ಸ್ವಲ್ಪ ಮುಂದೆ ಧಾಟಿ ಇದ್ದಕ್ಕಿದ್ದಂತೆ ಬೆಳಗುತ್ತದೆ. ಪಾಶ್ಚಾತ್ಯರು 'ಮೈನರ್'ನಿಂದ 'ಮೇಜರ್'ಗೆ ಹೋಗುವುದು ಎನ್ನುವ ಬದಲಾವಣೆ ಇದು. ಅಲ್ಲಿ ಎಡಗೈ ಸ್ವರಗಳನ್ನು ಒಟ್ಟಿಗೆ ಒತ್ತುವುದಿಲ್ಲ. ಕೆಳಗಿನಿಂದ ಮೇಲಕ್ಕೆ ಜರ್ರನೆ ಎಳೆದು ಹೊಡೆಯುತ್ತದೆ. ಆ ಜರ್ರೆನ್ನುವುದೇ ಗೆಜ್ಜೆ ದಂಡದ ಕುಲುಕು, ತಾಳದ ಝಣತ್ಕಾರ. ಪಿಯಾನೊದಲ್ಲಿ ತಾಳವಿಲ್ಲ, ಡೋಲಿಲ್ಲ. ಆದರೂ ಕೇಳಿದವರಿಗೆ ಬೀದಿಯಲ್ಲಿ ಬ್ಯಾಂಡು ಹೋದಂತೆ ಅನ್ನಿಸುತ್ತದೆ.

ಇಷ್ಟು ತುರ್ಕರದ್ದು. ಉಳಿದದ್ದೆಲ್ಲ ವಿಯೆನ್ನಾದ್ದು. ತುರ್ಕರ ಸಂಗೀತ ನಡೆಯುವುದು 'ಮಕಾಮ್'ಗಳ ಮೇಲೆ. ನಮ್ಮ ರಾಗಗಳಂತೆ ಅದಕ್ಕೂ ಅದರದ್ದೇ ಸಂಚಾರ, ಅದರದ್ದೇ ಸೂಕ್ಷ್ಮ ಸ್ವರಸ್ಥಾನಗಳು. ಪಿಯಾನೊದ ಎರಡು ಕೀಲಿಗಳ ನಡುವೆ ಬೀಳುವ ಸ್ವರಗಳು ಅಲ್ಲಿ ಇವೆ. ಅವನ್ನು ಪಿಯಾನೊ ನುಡಿಸಲಾರದು. ಮೆಹ್ತರ್ ಮೇಳದಲ್ಲಿ ಎಲ್ಲ ಊದುವ ವಾದ್ಯಗಳೂ ಒಂದೇ ಧಾಟಿಯನ್ನು ಒಟ್ಟಿಗೆ ನುಡಿಸುತ್ತವೆ, ಸ್ವರಗಳನ್ನು ಒಂದರ ಮೇಲೊಂದು ಪೇರಿಸುವ ಯುರೋಪಿನ ಪದ್ಧತಿ ಅಲ್ಲಿಲ್ಲ. ಅವರ ತಾಳಗಳಲ್ಲಿ ಉದ್ದವಾದ, ಜಟಿಲವಾದ ಆವರ್ತಗಳಿವೆ. ಮೊಜಾರ್ಟ್ ಬಳಸಿದ್ದು ಎಡ-ಬಲ ಎಂಬ ಎರಡೇ ಹೆಜ್ಜೆಯ ಲೆಕ್ಕ. ನಿಜ ಹೇಳಬೇಕೆಂದರೆ, ಗೋಡೆಯಾಚೆಯಿಂದ ಕೇಳಿದವನಿಗೆ ಉಳಿಯುವುದು ಇಷ್ಟೇ: ಡೋಲಿನ ಪೆಟ್ಟು, ಲೋಹದ ಸದ್ದು, ಒಂದು ಲವಲವಿಕೆ. ಒಳಗಿನ ರಾಗ ಕೇಳಬೇಕಾದರೆ ಹತ್ತಿರ ಹೋಗಬೇಕು. ಹಾಗೆ ಹತ್ತಿರ ಹೋದವರ ಕೃತಿಯಲ್ಲ ಇದು.

ಆ ಕಾಲದ ಪಿಯಾನೊವೂ ಇಂದಿನಂತೆ ಇರಲಿಲ್ಲ. ಮೊಜಾರ್ಟ್ ಬಳಸುತ್ತಿದ್ದ, ಆಂಟನ್ ವಾಲ್ಟರ್ ಎಂಬವನು ತಯಾರಿಸಿದ ವಾದ್ಯ ಈಗ ಸಾಲ್ಜ್‌ಬರ್ಗ್‌ನಲ್ಲಿದೆ. ಅದಕ್ಕಿರುವುದು ಐದು ಸಪ್ತಕಗಳು ಮಾತ್ರ, ಚೌಕಟ್ಟು ಮರದ್ದು, ದನಿ ತೆಳುವಾಗಿ ಚುರುಕಾಗಿ ಕೇಳುತ್ತದೆ. ಅದರಲ್ಲಿ ಎಡಗೈಯ ಪೆಟ್ಟುಗಳು ಇಂದಿನ ಭಾರೀ ಪಿಯಾನೊಗಳಲ್ಲಿ ಕೇಳುವಂತೆ ಗಂಭೀರವಾಗದೆ ಟಕಟಕನೆ ಸಿಡಿಯುತ್ತವೆ. ಮೊಜಾರ್ಟ್ ತೀರಿಕೊಂಡ ನಂತರದ ದಶಕಗಳಲ್ಲಿ ವಿಯೆನ್ನಾದ ಪಿಯಾನೊ ತಯಾರಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಜಾನಿಸರಿ ಪೆಡಲ್ ಎಂಬುದನ್ನೇ ಜೋಡಿಸಿದರು. ಕಾಲಿನಿಂದ ಒತ್ತಿದರೆ ಒಳಗಿನ ಒಂದು ಸುತ್ತಿಗೆ ಪಿಯಾನೊದ ಹಲಗೆಗೆ 'ಧುಂ' ಎಂದು ಬಡಿಯುತ್ತಿತ್ತು, ಗಂಟೆಗಳು ಕಿಣಿಕಿಣಿ ಎನ್ನುತ್ತಿದ್ದವು. ಮನೆಯ ಹಜಾರದಲ್ಲೇ ಒಂದು ಪುಟ್ಟ ಮೆಹ್ತರ್! ಈ ಗೀಳು ಮುಂದೆ ತಾನಾಗಿಯೇ ಕಡಿಮೆಯಾಯಿತು. ಆದರೆ ಹೈಡನ್‌ನ 1794ರ 'ಮಿಲಿಟರಿ' ಸಿಂಫನಿಯಲ್ಲೂ, 1824ರ ಬೀಥೋವನ್‌ನ ಒಂಬತ್ತನೆಯ ಸಿಂಫನಿಯ ಕೊನೆಯ ಭಾಗದಲ್ಲೂ ಅದೇ ಡೋಲು, ಅದೇ ತಾಳಗಳಿವೆ.

ಫ್ಯಾಷನ್ ಎಂದ ಮಾತ್ರಕ್ಕೆ ಸ್ನೇಹವೆಂದು ತಿಳಿಯಬೇಡಿ. 1788ರ ಆರಂಭದಲ್ಲಿ ಆಸ್ಟ್ರಿಯಾ, ರಷ್ಯಾದ ಜೊತೆ ಸೇರಿ ಉಸ್ಮಾನಿಯಾ ಸಾಮ್ರಾಜ್ಯದ ಮೇಲೆ ಯುದ್ಧಕ್ಕಿಳಿಯಿತು. ಆಗ ಮೊಜಾರ್ಟ್ ಆಸ್ಥಾನದ ಸಂಬಳ ಪಡೆಯುವ ಸಂಗೀತಗಾರ. ಆ ವರ್ಷವೇ ಅವನು 'ಯುದ್ಧ' ಎಂಬ ಹೆಸರಿನ ನೃತ್ಯ ಸಂಗೀತವನ್ನೂ, ಚಕ್ರವರ್ತಿಯಾಗುವ ಆಸೆಯನ್ನು ಹೇಳುವ ಒಂದು ಯುದ್ಧಗೀತೆಯನ್ನೂ ಬರೆದ. ವಿಚಿತ್ರವೆಂದರೆ ತುರ್ಕರ ವಿರುದ್ಧ ಹುರಿದುಂಬಿಸುವ ಆ ಗೀತೆಯಲ್ಲಿ ಬಳಸಿರುವುದು ತುರ್ಕರಿಂದಲೇ ಬಂದ ದೊಡ್ಡ ಡೋಲು ಮತ್ತು ತಾಳಗಳನ್ನು. ಯುದ್ಧ ಸಂಗೀತಗಾರರಿಗೆ ಒಳ್ಳೆಯದನ್ನೇನೂ ಮಾಡಲಿಲ್ಲ. ಶ್ರೀಮಂತರು ನಗರ ಬಿಟ್ಟರು, ಕಚೇರಿಗಳು ಕಡಿಮೆಯಾದವು, ಮೊಜಾರ್ಟ್ ಸಾಲ ಕೇಳಿ ಬರೆದ ಪತ್ರಗಳು ಈ ವರ್ಷಗಳವೇ. 1791ರ ಆಗಸ್ಟ್‌ನಲ್ಲಿ ಸಂಧಾನವಾಯಿತು, ಡಿಸೆಂಬರ್ 5ರಂದು ಅವನು ತೀರಿಕೊಂಡ. ವಯಸ್ಸು ಮೂವತ್ತೈದು.

ಇತ್ತ ಇಸ್ತಾಂಬುಲ್‌ನಲ್ಲಿ ಏನಾಯಿತು? ನನಗೆ ಈ ಕತೆಯ ಅತ್ಯಂತ ದುಃಖದ ಭಾಗ ಇದು. 1826ರ ಜೂನ್‌ನಲ್ಲಿ ಸುಲ್ತಾನ್ ಎರಡನೇ ಮಹಮೂದ್ ತನ್ನ ಮಾತಿಗೆ ಮಣಿಯದ ಜಾನಿಸರಿ ದಳವನ್ನೇ ರಕ್ತಪಾತದೊಂದಿಗೆ ಅಳಿಸಿಹಾಕಿದ. ಅವರ ಜೊತೆಗೆ ಮೆಹ್ತರ್ ಮೇಳವೂ ಮುಚ್ಚಿತು. ಹೊಸ ಸೇನೆಗೆ ಯುರೋಪಿನ ಮಾದರಿಯ ಬ್ಯಾಂಡ್ ಬೇಕೆಂದು 1828ರಲ್ಲಿ ಇಟಲಿಯಿಂದ ಜುಸೆಪ್ಪೆ ದೊನಿಜೆತ್ತಿ ಎಂಬ ಸಂಗೀತಗಾರನನ್ನು ಕರೆಸಿದರು. ಪ್ರಸಿದ್ಧ ಒಪೆರಾ ರಚನಕಾರ ಗಾಯೆತಾನೊ ದೊನಿಜೆತ್ತಿಯ ಅಣ್ಣ ಈತ. ಮುಂದೆ ಇವನು ದೊನಿಜೆತ್ತಿ ಪಾಷಾ ಎನಿಸಿಕೊಂಡು 1856ರಲ್ಲಿ ಇಸ್ತಾಂಬುಲ್‌ನಲ್ಲೇ ಮಣ್ಣಾದ. ತುರ್ಕಿಯ ಮೇಳವನ್ನು ನಕಲು ಮಾಡಿ ಯುರೋಪ್ ಕಟ್ಟಿಕೊಂಡ ಬ್ಯಾಂಡನ್ನು, ತನ್ನ ಮೇಳವನ್ನು ಕಳೆದುಕೊಂಡ ತುರ್ಕಿ ಯುರೋಪಿನಿಂದ ಆಮದು ಮಾಡಿಕೊಂಡಿತು.

ಮೆಹ್ತರ್‌ನ ಹಳೆಯ ಧಾಟಿಗಳು ಗುರುವಿನಿಂದ ಶಿಷ್ಯನಿಗೆ ಕಿವಿಯ ಮೂಲಕವೇ ಹೋಗುತ್ತಿದ್ದವು. ಸರಪಳಿ ತುಂಡಾದಾಗ ಬಹುಪಾಲು ಕಳೆದುಹೋದವು. ಉಳಿದ ಅಲ್ಪಸ್ವಲ್ಪಕ್ಕೆ ನಾವು ಋಣಿಗಳಾಗಿರಬೇಕಾದ ವ್ಯಕ್ತಿಗಳಲ್ಲಿ ಒಬ್ಬ ಅಲಿ ಉಫ್ಕಿ. ಪೋಲೆಂಡಿನಲ್ಲಿ ಹುಟ್ಟಿ, ಸೆರೆಯಾಳಾಗಿ ಇಸ್ತಾಂಬುಲ್ ಸೇರಿ, ಇಸ್ಲಾಮ್ ಸ್ವೀಕರಿಸಿ, ಅರಮನೆಯ ಸಂಗೀತಗಾರನೂ ದುಭಾಷಿಯೂ ಆದವನು. ಮುತ್ತಿಗೆಗೂ ಮೊದಲೇ, 17ನೇ ಶತಮಾನದ ನಡುವಿನಲ್ಲಿ, ಅವನು ತಾನು ಕೇಳಿದ ತುರ್ಕಿ ಧಾಟಿಗಳನ್ನು ಯುರೋಪಿನ ಸ್ವರಲಿಪಿಯಲ್ಲಿ ಬರೆದಿಟ್ಟ. ಆದರೆ ಹಾಡಿನ ಮಾತುಗಳು ಬಲದಿಂದ ಎಡಕ್ಕೆ ಸಾಗುವುದರಿಂದ ಸ್ವರಗಳನ್ನೂ ಬಲದಿಂದ ಎಡಕ್ಕೇ ಬರೆದ. ಆ ಹಸ್ತಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಮೆಹ್ತರ್ ಮೇಳವನ್ನು 1914ರಲ್ಲಿ ಇಸ್ತಾಂಬುಲ್‌ನ ಸೈನಿಕ ವಸ್ತುಸಂಗ್ರಹಾಲಯದಲ್ಲಿ ಮತ್ತೆ ಕಟ್ಟಿದರು, ನಡುವೆ ಅದು ನಿಂತು, 1952ರಲ್ಲಿ ಪುನಃ ಆರಂಭವಾಯಿತು. ಇಂದು ಪ್ರವಾಸಿಗರು ಕೇಳುವುದು ಈ ಮರುಹುಟ್ಟಿನ ಮೇಳವನ್ನು.

ಇನ್ನೊಂದು ಸಂಗತಿ. ಯುರೋಪಿನ ಸಂಗೀತ ಬಂದ ಮೇಲೆ ತುರ್ಕರಿಗೆ ತಮ್ಮದನ್ನು ಬೇರೆಯಾಗಿ ಗುರುತಿಸಲು ಒಂದು ಹೆಸರು ಬೇಕಾಯಿತು. ಅವರು ಆರಿಸಿಕೊಂಡ ಪದ ಯಾವುದು ಗೊತ್ತೇ? 'ಅಲಾತುರ್ಕಾ'. ಯುರೋಪಿನದು 'ಅಲಾಫ್ರಾಂಗಾ'. ಹೊರಗಿನವರು ಇಟಾಲಿಯನ್ನಿನಲ್ಲಿ ಇಟ್ಟ ಹೆಸರಿನಿಂದಲೇ ಅವರು ತಮ್ಮ ಸಂಗೀತವನ್ನು ಕರೆದುಕೊಂಡರು. ಈ ತಿರುಚಿನ ಕತೆಗೆ ನಮ್ಮ ಕಾಲದ ತುರ್ಕಿಯ ಪಿಯಾನೊ ವಾದಕ ಫಜಿಲ್ ಸಾಯ್ ಇನ್ನೊಂದು ತಿರುವು ಕೊಟ್ಟಿದ್ದಾರೆ. ಮೊಜಾರ್ಟನ ಎಲ್ಲ ಪಿಯಾನೊ ಸೊನಾಟಗಳನ್ನೂ ನುಡಿಸಿ ಧ್ವನಿಮುದ್ರಿಸಿದ ಅವರು, 1993ರಲ್ಲಿ ಇದೇ ಟ್ಯೂನನ್ನು ಜಾಜ್ ಶೈಲಿಗೆ ತಿರುಗಿಸಿ 'ಆಲ್ಲಾ ತುರ್ಕಾ ಜಾಜ್' ಎಂದು ಬರೆದರು.

ಮೊಜಾರ್ಟನ ಕೈಬರಹದ ಪ್ರತಿಯೂ ಚದುರಿಹೋಗಿತ್ತು. ಆಲ್ಲಾ ತುರ್ಕಾದ ಅಂತ್ಯವಿರುವ ಒಂದು ಹಾಳೆ ಮಾತ್ರ ಸಾಲ್ಜ್‌ಬರ್ಗ್‌ನಲ್ಲಿ ಉಳಿದಿತ್ತು. 2014ರಲ್ಲಿ ಬುಡಾಪೆಸ್ಟ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸಂಗೀತ ವಿಭಾಗದ ಬಾಲಾಜ್ ಮಿಕುಶಿ ಅವರು ಹಳೆಯ ಕಾಗದಗಳನ್ನು ನೋಡುತ್ತಿದ್ದಾಗ ಪರಿಚಿತ ಕೈಬರಹವೊಂದು ಕಂಡಿತು. ಮೊದಲ ಭಾಗದ ಬಹುಪಾಲು ಮತ್ತು ಮಿನ್ಯುಯೆಟ್ ಇರುವ ನಾಲ್ಕು ಪುಟಗಳವು. ನಾವು ಇನ್ನೂರಕ್ಕೂ ಹೆಚ್ಚು ವರ್ಷ ಮುದ್ರಿತ ಪುಸ್ತಕದಿಂದ ನುಡಿಸುತ್ತಿದ್ದ ಕೆಲವು ಸ್ವರಗಳು ಮೊಜಾರ್ಟ್ ಬರೆದವಲ್ಲ ಎಂದು ಆಗ ತಿಳಿಯಿತು. ಅದೇ ಸೆಪ್ಟೆಂಬರ್‌ನಲ್ಲಿ ಹಂಗೇರಿಯ ಪಿಯಾನೊ ವಾದಕ ಜೋಲ್ತಾನ್ ಕೋಚಿಶ್ ಅವರು ಆ ಪುಟಗಳಿಂದಲೇ ನುಡಿಸಿ ತೋರಿಸಿದರು. ಹಾಳೆಗಳು ಸಿಕ್ಕಿದ ಆ ನಗರದ ಹಳೆಯ ಭಾಗವಾದ ಬುಡಾ 1541ರಿಂದ 1686ರವರೆಗೆ ಉಸ್ಮಾನಿಯಾ ಆಳ್ವಿಕೆಯಲ್ಲಿದ್ದ ಊರು.

ವಿದ್ಯಾರ್ಥಿ ಮಿತ್ರರೇ, ಇನ್ನೊಮ್ಮೆ ಈ ಟ್ಯೂನ್ ಎಲ್ಲಾದರೂ ಕೇಳಿಬಂದರೆ ಮೇಲಿನ ಧಾಟಿಯನ್ನು ಒಂದು ಕ್ಷಣ ಬಿಟ್ಟುಬಿಡಿ. ಅದು ನಿಮಗೆ ಬಾಯಿಪಾಠವಾಗಿದೆ. ಕೆಳಗೆ ಎಡಗೈ ಏನು ಮಾಡುತ್ತಿದೆ ಎಂದಷ್ಟೇ ಕೇಳಿ. ಒಂದು ದಪ್ಪ ಕೋಲು, ಒಂದು ತೆಳ್ಳಗಿನ ಕಡ್ಡಿ.